ಕಾಗದದ ಪ್ರಾಣಿಗೆ ಕೂದಲಿನ ಮೈ

ಮದ್ದೂರಿನ ಸಮೀಪ ಶಿಂಷಾ ದಡದಲ್ಲಿರುವ ವೈದ್ಯನಾಥಪುರವಾಗಲಿ, ಮಂಡ್ಯ ಜಿಲ್ಲೆಯ ಬೇರೆ ಹಳ್ಳಿಯಾಗಲಿ, ರೈತರು ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ. ಒಂದೇ ಕಡೆಗೆ ಹರಿದು ಬಂದ ಮೈಕೂದಲು ತಿರುಗಿ ಸುತ್ತಿಕೊಳ್ಳುವ ಜಾಗವೇ ಸುಳಿ. ಅದರ ಫಲಾಫಲಗಳನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಕಾಗದದ ತಿರುಳಿನಿಂದ ಪ್ರಾಣಿಯನ್ನು ಮಾಡಹೊರಟ ವಿದ್ಯಾರ್ಥಿಗೆ ಈ ನೋಟ ಬೇಕೇ ಬೇಕು. ನಮ್ಮ ಕಣ್ಣು ಪ್ರಾಣಿಯ ಮೈಯನ್ನು ಗುರುತಿಸುವುದು ಒಂದೊಂದು ಕೂದಲಿನಿಂದಲ್ಲ, ಕೂದಲು ಹರಿಯುವ ದಿಕ್ಕಿನಿಂದ.

ಕಾಗದದ ಪ್ರಾಣಿಗಳಿಗೆ ನಮ್ಮ ನಾಡಿನಲ್ಲೇ ಒಂದು ವಿಚಿತ್ರ ಚರಿತ್ರೆಯಿದೆ. ಮೈಸೂರಿನ ವ್ಯಾನ್ ಇಂಗೆನ್ ಸಂಸ್ಥೆಯವರು ಸುಮಾರು ಒಂದು ಶತಮಾನ ಕಾಲ, ಬೇಟೆಯಲ್ಲಿ ಸತ್ತ ಹುಲಿ ಚಿರತೆಗಳನ್ನು ಜೀವಂತವೆಂಬಂತೆ ನಿಲ್ಲಿಸಿಕೊಡುತ್ತಿದ್ದರು. ಆ ಚರ್ಮಗಳ ಒಳಗೆ ಇರುತ್ತಿದ್ದದ್ದು ಅಚ್ಚಿನಲ್ಲಿ ತೆಗೆದ ಕಾಗದದ ಮೈ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ತಡೆ ಹಾಕಿತು. 1999ರಲ್ಲಿ ಆ ಕಾರ್ಖಾನೆಯೂ ಮುಚ್ಚಿತು. ಈಗ ಶಾಲೆಯ ವಸ್ತುಪ್ರದರ್ಶನಕ್ಕೆ ಕರಡಿಯೊಂದು ಬೇಕಾದರೆ ಒಳಮೈ ಮಾತ್ರವಲ್ಲ, ಕೂದಲೂ ಕಾಗದದ್ದೇ ಆಗಬೇಕು. ಕಷ್ಟವಿರುವುದು ಇಲ್ಲೇ.

ತಿರುಳು ಮಾಡುವುದನ್ನು ಮನೆಯ ಹಿರಿಯರಿಂದಲೇ ಕಲಿಯಬಹುದು. ಹಳೆಯ ಕಾಗದವನ್ನು ನೆನೆಹಾಕಿ, ನೆನೆದ ಮೆಂತ್ಯದೊಡನೆ ರುಬ್ಬಿ, ಮೊರ ಬುಟ್ಟಿಗಳಿಗೆ ಬಳಿಯುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಮೆಂತ್ಯದ ಲೋಳೆಯೇ ಅಂಟು. ಒಳಮೈಗೆ ಇದು ಸಾಕು. ಕೂದಲಿನ ಪದರಕ್ಕೆ ಮಾತ್ರ ತಿರುಳನ್ನು ಇನ್ನಷ್ಟು ನುಣ್ಣಗೆ ಅರೆದು, ಹಿಂಡಿ, ಗಟ್ಟಿಯಾದ ಮೈದಾ ಅಂಟು ಬೆರೆಸಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲೆಂದು ಪುಸ್ತಕ ಕಟ್ಟುವವರು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವುದುಂಟು. ಅದು ವಿಷ, ದೊಡ್ಡವರ ಎದುರಿನಲ್ಲಲ್ಲದೆ ಮುಟ್ಟಬೇಡಿ.

ಒಳಮೈ ಪೂರ್ತಿ ಒಣಗಿದ ಮೇಲೆ ಸೀಮೆಸುಣ್ಣದಿಂದ ಅದರ ಮೇಲೆ ಬಾಣದ ಗುರುತುಗಳನ್ನು ಎಳೆಯಿರಿ. ಮೂಗಿನಿಂದ ಹಣೆಗೆ, ಕತ್ತಿನಿಂದ ಬೆನ್ನಿಗೆ, ಭುಜದಿಂದ ಕೆಳಗೆ ಕಾಲಿಗೆ. ಸುಳಿ ಎಲ್ಲಿದೆ ಎಂಬುದನ್ನು ನಿಜವಾದ ಪ್ರಾಣಿಯನ್ನು ನೋಡಿಯೇ ಗುರುತಿಸಬೇಕು. ಈ ನಕ್ಷೆಯಿಲ್ಲದೆ ಕೆಲಸಕ್ಕಿಳಿದರೆ ಕೂದಲು ಪೊರಕೆಯಂತೆ ಕಾಣುತ್ತದೆ.

ಎಲ್ಲ ಪ್ರಾಣಿಗೂ ಒಂದೇ ವಿಧಾನ ಹೊಂದುವುದಿಲ್ಲ. ಹಳ್ಳಿಕಾರ್ ಎತ್ತಿನ ಕೂದಲು ಗಿಡ್ಡ, ಮೈಗೆ ಅಂಟಿಕೊಂಡದ್ದು. ಅದಕ್ಕೆ ಗೀರು ಹಾಕುವುದೇ ತಪ್ಪು. ಮೈಯನ್ನು ನಯವಾಗಿ ಉಜ್ಜಿ, ಭುಜ ಮತ್ತು ಹಿಂಭಾಗದ ಕಪ್ಪು ಛಾಯೆಯನ್ನು ಬಣ್ಣದಲ್ಲಿ ತಂದು, ಬಾಲದ ಕುಚ್ಚಿಗೆ ಮಾತ್ರ ಕಾಗದದ ಎಳೆ ಸೇರಿಸಿದರೆ ಸಾಕು.

ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಕುರಿಯದು ಬೇರೆ ಬಗೆ. ಗಿಡ್ಡ ಕಾಲು, ತುಂಬಿದ ಮೈ, ಒರಟು ಕೂದಲು. ಇದಕ್ಕೆ ತಿರುಳನ್ನು ತೆಳುವಾಗಿ ಬಳಿದು ಅರೆಒಣಗಲು ಬಿಡಬೇಕು. ಬೆರಳು ಒತ್ತಿದರೆ ಗುರುತು ಬೀಳಬೇಕು, ಆದರೆ ಬೆರಳಿಗೆ ಅಂಟಬಾರದು, ಅದೇ ಹದ. ಹಸಿಯಿದ್ದಾಗ ಗೀರಿದರೆ ತಿರುಳು ಕಿತ್ತು ಬರುತ್ತದೆ, ಒಣಗಿದರೆ ಗೀರೇ ಮೂಡದು. ಹಳೆಯ ಬಾಚಣಿಗೆಯ ತುಂಡು, ಹಲ್ಲುಜ್ಜುವ ಬ್ರಷ್, ಮೊಳೆ, ಇವೇ ಸಲಕರಣೆ. ಬುಡದಲ್ಲಿ ಒತ್ತಿ, ತುದಿಯಲ್ಲಿ ಹಗುರವಾಗಿ ಎತ್ತಿಬಿಡಿ. ಬಾಚಣಿಗೆಯೊಂದನ್ನೇ ನೆಚ್ಚಿದರೆ ಉತ್ತ ಹೊಲದ ಸಾಲುಗಳಾದಾವು. ಉದ್ದ ಗಿಡ್ಡ ಗೀರುಗಳು ಒಂದರೊಳಗೊಂದು ಸೇರಬೇಕು.

ಕರಡಿಗೆ ಗೀರು ಸಾಲದು. ಹಂಪಿಯ ಬಳಿಯ ದರೋಜಿ ಕರಡಿಧಾಮದಲ್ಲಿ ಕರಡಿಯನ್ನು ಕಂಡವರಿಗೆ ಗೊತ್ತು, ಅದರ ಕತ್ತು ಭುಜಗಳ ಮೇಲಿನ ಕೂದಲು ಜೋಲಾಡುವಷ್ಟು ಉದ್ದ. ಇದಕ್ಕೆ ತೆಳು ಕಾಗದದ ಪಟ್ಟಿಗಳನ್ನು ಬಳಸಬೇಕು. ಕತ್ತರಿ ಬೇಡ, ಕೈಯಿಂದಲೇ ಹರಿಯಿರಿ. ದಿನಪತ್ರಿಕೆಯ ಕಾಗದ ಒಂದು ದಿಕ್ಕಿನಲ್ಲಿ ನೆಟ್ಟಗೆ ಹರಿಯುತ್ತದೆ, ಇನ್ನೊಂದರಲ್ಲಿ ಅಡ್ಡಾದಿಡ್ಡಿ. ಯಂತ್ರದಲ್ಲಿ ಕಾಗದ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುವುದೇ ಇದಕ್ಕೆ ಕಾರಣ. ನೆಟ್ಟಗೆ ಹರಿದ ಪಟ್ಟಿಯ ಅಂಚಿನಲ್ಲಿ ಸಣ್ಣ ಎಳೆಗಳು ಏಳುತ್ತವೆ, ಅವೇ ಕೂದಲಿನ ತುದಿ. ಪಟ್ಟಿಯ ಬುಡಕ್ಕೆ ಮಾತ್ರ ಅಂಟು ಹಚ್ಚಿ, ಹೆಂಚು ಹೊದಿಸುವವರು ಸೂರಿನಿಂದ ಮೇಲಕ್ಕೆ ಹೋಗುವಂತೆ, ಹಿಂಭಾಗದಿಂದ ತಲೆಯ ಕಡೆಗೂ ಕೆಳಗಿನಿಂದ ಬೆನ್ನಿನ ಕಡೆಗೂ ಸಾಲು ಸಾಲಾಗಿ ಅಂಟಿಸಬೇಕು. ಆಗ ಮೇಲಿನ ಸಾಲು ಕೆಳಗಿನದರ ಬುಡವನ್ನು ಮುಚ್ಚುತ್ತದೆ. ಮೂತಿಯ ಕೂದಲು ಗಿಡ್ಡ; ಅಲ್ಲಿ ಪಟ್ಟಿ ಬೇಡ.

ಇನ್ನು ಬಣ್ಣ. ಮೊದಲು ಎಲ್ಲೆಡೆ ಗಾಢ ಬಣ್ಣ ಹಚ್ಚಿ, ಗೀರುಗಳ ಆಳಕ್ಕೂ ಇಳಿಯಲಿ. ಒಣಗಿದ ಮೇಲೆ ತಿಳಿಬಣ್ಣದಲ್ಲಿ ಅದ್ದಿದ ಕುಂಚವನ್ನು ಬಟ್ಟೆಗೆ ಒರೆಸಿ, ಬಹುಪಾಲು ಒಣಗಿದ ಕುಂಚದಿಂದಲೇ ಮೇಲ್ಮೇಲೆ ಸವರಿ. ಉಬ್ಬಿದ ಕೂದಲಿಗೆ ಮಾತ್ರ ಬಣ್ಣ ಹತ್ತಿ, ಸಂದುಗಳಲ್ಲಿ ನೆರಳು ಉಳಿಯುತ್ತದೆ. ಕರಡಿಯಾದರೆ ಕಪ್ಪಿನ ಮೇಲೆ ತುಸು ಕಂದು ಸಾಕು, ಎದೆಯ ಮೇಲಿನ ಬಿಳಿಯ ಗುರುತನ್ನು ಮರೆಯಬೇಡಿ. ಮೈಗೆಲ್ಲ ವಾರ್ನಿಷ್ ಬಳಿದರೆ ಪ್ರಾಣಿ ನೀರಿನಿಂದ ಎದ್ದು ಬಂದಂತಾದೀತು. ಅದು ಕಣ್ಣಿಗೆ, ಮೂಗಿನ ತುದಿಗೆ ಮಾತ್ರ.