ಕೆಂಡದ ತೆನೆ: ಮೆಕ್ಸಿಕೋ ರುಚಿ, ನಮ್ಮ ಮನೆಯ ಪದ್ಧತಿ

ಮಳೆಗಾಲದ ಸಂಜೆ ಕೆಂಡದಲ್ಲಿ ಸುಟ್ಟ ಗೋವಿನಜೋಳದ ತೆನೆಗೆ ಉಪ್ಪು, ಖಾರ ಹಚ್ಚಿ, ನಿಂಬೆಹೋಳಿನಿಂದ ಉಜ್ಜಿ ತಿನ್ನುವ ಸುಖ ನಮಗೆ ಹೊಸದಲ್ಲ. ಮೆಕ್ಸಿಕೋ ದೇಶದ ಬೀದಿಗಳಲ್ಲಿಯೂ ಇಂಥದೇ ತೆನೆಯನ್ನು ಕಡ್ಡಿಗೆ ಸಿಕ್ಕಿಸಿ ಮಾರುತ್ತಾರೆ. ಅಲ್ಲಿ ಅದಕ್ಕೆ ‘ಎಲೋತೆ’ ಎಂದು ಹೆಸರು. ಖಾರ, ನಿಂಬೆರಸಗಳ ಜೊತೆಗೆ ಮೇಯನೇಸನ್ನೋ ಹುಳಿಗೆನೆಯನ್ನೋ ಸವರಿ, ಉಪ್ಪಾದ ಚೀಸ್ ಪುಡಿಯನ್ನು ಉದುರಿಸುವುದು ಅಲ್ಲಿಯ ವಾಡಿಕೆ.

ಈಗ ಈ ತಿಂಡಿ ನಮ್ಮ ನಗರಗಳ ಉಪಾಹಾರ ಗೃಹಗಳಲ್ಲಿಯೂ ದೊರೆಯುತ್ತಿದೆ. ಮಕ್ಕಳು ಅದನ್ನು ಮನೆಯಲ್ಲಿಯೂ ಮಾಡಿಕೊಡೆಂದು ಹಟ ಹಿಡಿದಾಗ ತಾಯಂದಿರು ಹಿಂಜರಿಯುವುದು ಸಹಜ. ಏಕೆಂದರೆ ಮೇಯನೇಸ್ ಎಂಬುದು ಮೂಲತಃ ಮೊಟ್ಟೆಯ ಹಳದಿ ಭಾಗಕ್ಕೆ ಎಣ್ಣೆಯನ್ನು ಕಡೆದು ಸೇರಿಸಿದ ಪದಾರ್ಥ. ಕೆಲವು ಚೀಸುಗಳಲ್ಲಿ ಹಾಲನ್ನು ಒಡೆಯಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸಿರುತ್ತಾರೆ. ಶಾಕಾಹಾರವನ್ನು ನಿಷ್ಠೆಯಿಂದ ಪಾಲಿಸುವ ಮನೆಗಳಿಗೆ ಇವೆರಡೂ ಸಲ್ಲವು.

ಆದರೆ ಇವನ್ನು ಬಿಟ್ಟರೆ ತಿಂಡಿಯ ಸ್ವಾರಸ್ಯ ಕೆಡುವುದೇ? ಇಲ್ಲ. ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೋದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಒಂದು ಕಾಡುಹುಲ್ಲನ್ನು ಪಳಗಿಸಿ ಈ ಜೋಳವನ್ನು ರೂಪಿಸಿದರು. ಮೆಣಸಿನಕಾಯಿಯ ತವರೂ ಆ ನಾಡೇ. ಹಸು, ನಿಂಬೆಗಳು ಅಲ್ಲಿಗೆ ಹೋದುದು 16ನೆಯ ಶತಮಾನದಲ್ಲಿ, ಸ್ಪೇನಿನವರೊಡನೆ. ಮೇಯನೇಸ್ ಅದಕ್ಕೂ ಈಚಿನದು. ಎಂದ ಮೇಲೆ ತೆನೆ, ಕೆಂಡ, ಖಾರ ಇವೇ ಅದರ ಜೀವಾಳ. ಉಳಿದವು ಬಂದು ಸೇರಿದ ಅತಿಥಿಗಳು. ಅತಿಥಿಯ ಸ್ಥಾನದಲ್ಲಿ ನಮ್ಮ ಮನೆಯ ಮೊಸರನ್ನು ಕೂರಿಸಿದರೆ ತಪ್ಪೇನಿಲ್ಲ.

ಬೇಕಾಗುವ ಸಾಮಗ್ರಿಗಳು: ಎಳೆಯ ತೆನೆ 4, ಗಟ್ಟಿ ಮೊಸರು 1 ಬಟ್ಟಲು, ಹಾಲಿನ ಕೆನೆ 2 ಚಮಚ, ಪನೀರು 100 ಗ್ರಾಂ, ಬ್ಯಾಡಗಿ ಮೆಣಸಿನಕಾಯಿಯ ಪುಡಿ 1 ಚಿಕ್ಕ ಚಮಚ, ನಿಂಬೆಹಣ್ಣು 1, ಬೆಣ್ಣೆ, ಉಪ್ಪು, ಕೊತ್ತಂಬರಿ ಸೊಪ್ಪು.

ಮಾಡುವ ಕ್ರಮ: ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ತೂಗುಹಾಕಿರಿ. ಈ ಕೆಲಸದಲ್ಲಿ ಅವಸರ ಸಲ್ಲದು. ಮೊದಲ ಸಲ ನಾನು ಮೊಸರನ್ನು ಹಾಗೆಯೇ ಸವರಿದಾಗ ಅದೆಲ್ಲ ಬಿಸಿ ತೆನೆಯಿಂದ ಜಾರಿ ತಟ್ಟೆಗೆ ಇಳಿದಿತ್ತು. ನೀರಿಳಿದ ಮೊಸರಿಗೆ ಕೆನೆಯನ್ನೂ ಚಿಟಿಕೆ ಉಪ್ಪನ್ನೂ ಸೇರಿಸಿ ನುಣ್ಣಗೆ ಕಲಸಿರಿ. ಪನೀರನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರವಿಟ್ಟು, ನೀರು ಹೋದ ಮೇಲೆ ಪುಡಿಮಾಡಿ ಅರ್ಧ ಚಿಕ್ಕ ಚಮಚ ಉಪ್ಪು ಬೆರೆಸಿರಿ. ಮಿಚೋಆಕಾನ್ ಪ್ರಾಂತದ ಕೋತಿಹಾ ಊರಿನ ಹೆಸರು ಹೊತ್ತ ಅಲ್ಲಿಯ ಚೀಸು ಕೂಡ ಹೀಗೆಯೇ ಉಪ್ಪುಪ್ಪಾಗಿ ಪುಡಿಯಾಗುವಂಥದು.

ಕೆಂಡದ ಮೇಲೆ ಬೂದಿ ಕವಿದ ನಂತರ, ಸಿಪ್ಪೆ ತೆಗೆದ ತೆನೆಯನ್ನು ಇಟ್ಟು ಹೊರಳಿಸುತ್ತ ಸುಡಿರಿ. ಉರಿಯ ಮೇಲಿಟ್ಟರೆ ಹೊರಗೆ ಕರಿಕಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಕೆಂಡವಿಲ್ಲದವರು ಗ್ಯಾಸ್ ಒಲೆಯ ಹದವಾದ ಉರಿಯ ಮೇಲೆ ಜಾಲರಿಯಿಟ್ಟು ಸುಡಬಹುದು. ತೆನೆ ಬಲಿತಿದ್ದರೆ ಮೊದಲು ಬೇಯಿಸಿಕೊಳ್ಳಿರಿ. ಬಿಸಿಯಿರುವಾಗಲೇ ಬೆಣ್ಣೆ, ಬಳಿಕ ಮೊಸರಿನ ಮಿಶ್ರಣ ಸವರಿ, ಪನೀರು, ಖಾರದ ಪುಡಿ, ಕೊತ್ತಂಬರಿ ಉದುರಿಸಿರಿ. ನಿಂಬೆರಸವನ್ನು ಕೊನೆಗೆ ಹಿಂಡಿರಿ.

ಸಿಹಿಜೋಳವೇ ಆಗಬೇಕೆಂದಿಲ್ಲ. ಮೆಕ್ಸಿಕೋದಲ್ಲಿ ಸಾಮಾನ್ಯವಾಗಿ ಬಳಸುವುದು ಸಿಹಿ ಕಡಿಮೆಯಿರುವ, ಅಗಿಯಲು ಗಟ್ಟಿಯಾದ ಜೋಳವನ್ನು. ಹಾವೇರಿ, ದಾವಣಗೆರೆಯ ಹೊಲಗಳ ಹಾಲುಗಾಳಿನ ತೆನೆ ಅದಕ್ಕೆ ಹತ್ತಿರವಾದುದು. ಕಿತ್ತ ದಿನವೇ ಸುಟ್ಟರೆ ಉತ್ತಮ. ತಡವಾದಷ್ಟೂ ಕಾಳಿನ ಸಿಹಿ ಹಿಟ್ಟಾಗಿ ಮಾರ್ಪಡುತ್ತದೆ.

ಹಲ್ಲು ಸಡಿಲಾದ ಹಿರಿಯರಿದ್ದರೆ, ಕಾಳನ್ನು ಬಿಡಿಸಿ ಮೆತ್ತಗೆ ಬೇಯಿಸಿ, ಇದೇ ಸಾಮಗ್ರಿ ಕಲಸಿ ಬಟ್ಟಲಲ್ಲಿ ಕೊಡಿರಿ. ಇದನ್ನು ಅಲ್ಲಿ ‘ಎಸ್ಕಿತೆಸ್’ ಎನ್ನುತ್ತಾರೆ. ಅಂಗಡಿಯಿಂದ ಮೇಯನೇಸನ್ನೋ ಚೀಸನ್ನೋ ತರುವುದಾದರೆ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯ ಗುರುತನ್ನು ನೋಡಿಯೇ ಕೊಳ್ಳಿರಿ. ಆಗ ಮೊಮ್ಮಗುವಿನ ಆಸೆಯೂ ಈಡೇರುತ್ತದೆ, ಅಜ್ಜಿಯೂ ನಿಶ್ಚಿಂತೆಯಿಂದ ಅದೇ ಪಂಕ್ತಿಯಲ್ಲಿ ಕುಳಿತು ತಿನ್ನಬಹುದು.