ಸೂಪು ಮಗನಿಗೆ, ತಳದ ಸಾರು ತಾಯಿಗೆ

ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡಿದ್ದ ಹುಡುಗನನ್ನು ಅವನ ತಾಯಿ ನನ್ನ ಬಳಿ ಕರೆತಂದಿದ್ದರು. ‘ದಿನಾ ಕಾಲು ಸೂಪು ಮಾಡಿ ಕೊಡ್ತಿದ್ದೀನಿ ಡಾಕ್ಟ್ರೇ. ಮೂಳೆ ಬೇಗ ಕೂಡುತ್ತೆ ಅಲ್ವಾ?’ ಎಂದು ಕೇಳಿದರು. ಹುಡುಗ ಚೆನ್ನಾಗಿಯೇ ಇದ್ದ. ನನ್ನ ಗಮನ ಸೆಳೆದದ್ದು ತಾಯಿಯ ಬಿಳಿಚಿದ ಮುಖ, ಏದುಸಿರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8 ಗ್ರಾಂ ಮಾತ್ರ ಇತ್ತು. ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ‘ನೀವೇನು ಊಟ ಮಾಡ್ತೀರಮ್ಮ?’ ಎಂದರೆ, ‘ಎಲ್ಲರದ್ದೂ ಆದ ಮೇಲೆ ತಳದಲ್ಲಿ ಉಳಿದ ಸಾರು’ ಎಂದರು.

ಇದು ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ.

ಸೂಪಿನಲ್ಲಿ ಏನಿದೆ?

ಕುರಿ, ಮೇಕೆಯ ಕಾಲಿನಲ್ಲಿರುವುದು ಹೆಚ್ಚಾಗಿ ಚರ್ಮ, ನರ, ಮೂಳೆ. ನಿಧಾನವಾಗಿ ಬೆಂದಾಗ ಅದರ ಕೊಲಾಜೆನ್ ಕರಗಿ ಜಿಲಾಟಿನ್ ಆಗುತ್ತದೆ. ಸೂಪು ಅಂಟಂಟಾಗುವುದು ಇದರಿಂದಲೇ. ಇದೂ ಒಂದು ಸಸಾರಜನಕ, ಆದರೆ ಪರಿಪೂರ್ಣವಲ್ಲ. ಮೂಳೆಯ ಸುಣ್ಣದ ಅಂಶ ನೀರಿಗೆ ಇಳಿಯುವುದು ಅತ್ಯಲ್ಪ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದ್ದರಿಂದ ಮೂಳೆ ಕೂಡಲು ಸೂಪಿಗಿಂತ ಪಕ್ಕದಲ್ಲಿರುವ ಮುದ್ದೆ, ಒಂದು ಲೋಟ ಹಾಲು, ಮೊಟ್ಟೆ ಹೆಚ್ಚು ನೆರವಾಗುತ್ತವೆ.

ಹಾಗಾದರೆ ಸೂಪು ವ್ಯರ್ಥವೇ? ಖಂಡಿತ ಅಲ್ಲ. ಬಾಯಿ ಕೆಟ್ಟವರಿಗೆ ಅದು ಹಿತ, ಹಸಿವನ್ನೂ ಕೆರಳಿಸುತ್ತದೆ. ಆದರೆ ರಕ್ತಕ್ಕೆ ಬೇಕಾದ ಕಬ್ಬಿಣಾಂಶ ಇರುವುದು ಸಾರಿನಲ್ಲಲ್ಲ, ಮಾಂಸದ ತುಂಡಿನಲ್ಲಿ. ಮಾಂಸದ ಕಬ್ಬಿಣವನ್ನು ದೇಹ ಸೊಪ್ಪು, ಕಾಳುಗಳ ಕಬ್ಬಿಣಕ್ಕಿಂತ ಸುಲಭವಾಗಿ ಹೀರಿಕೊಳ್ಳುತ್ತದೆ.

ಮಾಡುವುದು ಹೀಗೆ

ದುಬಾರಿ ತೊಡೆ ಮಾಂಸವೇ ಬೇಕೆಂದಿಲ್ಲ. ಸುಟ್ಟು, ಕೆರೆದು, ತೊಳೆದ ನಾಲ್ಕು ಕಾಲುಗಳ ಜೊತೆ ಕಾಲು ಕಿಲೋ ಕತ್ತಿನ ಅಥವಾ ಎದೆಯ ಭಾಗದ ಮಾಂಸ ಹಾಕಿ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಮೆಣಸು, ಅರಿಶಿನ, ಕೊತ್ತಂಬರಿ ಸೇರಿಸಿ. ಕುಕ್ಕರಿನಲ್ಲಿ ಮೊದಲ ಸೀಟಿಯ ನಂತರ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ, ಪಾತ್ರೆಯಲ್ಲಾದರೆ ಮೂರು ಗಂಟೆ ಬೇಯಲಿ. ಗಟ್ಟಿ ಮಾಂಸ ಮೆತ್ತಗಾಗುವುದು ತಾಳ್ಮೆಯಿಂದ. ಉಪ್ಪು ಮಿತವಾಗಿರಲಿ. ತಣಿದ ಸೂಪನ್ನು ಫ್ರಿಜ್ಜಿನಲ್ಲಿಟ್ಟರೆ ಮೇಲೆ ಹೆಪ್ಪುಗಟ್ಟುವ ಕೊಬ್ಬನ್ನು ತೆಗೆಯಬಹುದು. ರಾತ್ರಿಯಿಡೀ ಒಲೆಯ ಮೇಲೆ ಬಿಡಬೇಡಿ. ಎರಡು ಗಂಟೆಯೊಳಗೆ ಫ್ರಿಜ್ಜಿಗಿಟ್ಟು, ಮರುದಿನ ಚೆನ್ನಾಗಿ ಕುದಿಸಿ ಬಳಸಿ. ಬಡಿಸುವಾಗ ನಿಂಬೆರಸ ಹಿಂಡಿ. ಊಟದ ಜೊತೆಗೇ ಕಾಫಿ, ಚಹಾ ಬೇಡ. ಅವು ಕಬ್ಬಿಣಾಂಶ ಹೀರಿಕೆಗೆ ಅಡ್ಡಿ.

ಎಚ್ಚರಿಕೆ

ಲಿವರ್‌ನಲ್ಲಿ ಕಬ್ಬಿಣ ಹೇರಳವಾಗಿದೆ. ಆದರೆ ‘ಎ’ ಜೀವಸತ್ವ ಅತಿಯಾಗಿರುವುದರಿಂದ ಗರ್ಭಿಣಿಯರಿಗೆ ಅದು ಬೇಡ. ಯೂರಿಕ್ ಆಮ್ಲದಿಂದ ಕೀಲುನೋವು ಬರುವವರು ಮತ್ತು ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳಿಯೇ ಇವುಗಳನ್ನು ತಿನ್ನಬೇಕು. ಹಿಮೋಗ್ಲೋಬಿನ್ 8ಕ್ಕೆ ಇಳಿದಿದ್ದರೆ ಆಹಾರವೊಂದೇ ಸಾಲದು. ಕಬ್ಬಿಣದ ಮಾತ್ರೆ ಬೇಕು. ಅತಿಯಾದ ಮುಟ್ಟಿನ ಸ್ರಾವ, ಹೊಟ್ಟೆಯ ಕೊಕ್ಕೆಹುಳು ಮುಂತಾದ ಕಾರಣಗಳನ್ನೂ ಹುಡುಕಬೇಕು.

ಆ ತಾಯಿಗೆ ಮಾತ್ರೆ ಬರೆದುಕೊಟ್ಟೆ. ಬಾಗಿಲವರೆಗೆ ಕುಂಟುತ್ತಾ ಹೋದ ಮಗನನ್ನು ಕರೆದು, ‘ನಿನಗೂ ಒಂದು ಔಷಧಿ ಇದೆಯಪ್ಪ. ಇನ್ನು ಮುಂದೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಊಟ ಮಾಡು’ ಎಂದೆ. ಮೂರು ತಿಂಗಳ ನಂತರ ಅವರ ಹಿಮೋಗ್ಲೋಬಿನ್ 11 ದಾಟಿತ್ತು. ನಿಮ್ಮ ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವವರು ಯಾರು? ಈ ಭಾನುವಾರ ಮೊದಲ ತುಂಡು ಅವರ ತಟ್ಟೆಗೆ ಬೀಳಲಿ.