ನ್ಯುಮೋನಿಯಾ ಲಸಿಕೆ: ನೂರು ವೇಷದ ರೋಗಾಣುವಿನ ಸವಾಲು

ಸಿಡುಬನ್ನು ಭೂಮಿಯಿಂದಲೇ ತೊಲಗಿಸಿದ ಲಸಿಕಾ ವಿಜ್ಞಾನಕ್ಕೆ, ಮಕ್ಕಳ ಶ್ವಾಸಕೋಶಕ್ಕೆ ಮುತ್ತಿಗೆ ಹಾಕುವ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಮಾತ್ರ ಇಂದಿಗೂ ಪೂರ್ಣವಾಗಿ ಮಣಿದಿಲ್ಲ. ಇದನ್ನು ಗುರುತಿಸಿದ್ದು 1881ರಲ್ಲಿ. 1911ರಲ್ಲೇ ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರ ಮೇಲೆ ಲಸಿಕೆಯ ಪ್ರಯೋಗ ನಡೆದಿತ್ತು. ಹಾಗಿದ್ದರೂ ಇಷ್ಟು ವಿಳಂಬವೇಕೆ?

ಸಕ್ಕರೆಯ ಕವಚ

ಈ ರೋಗಾಣುವಿನ ಸುತ್ತ ಸಕ್ಕರೆಯ ಅಣುಗಳಿಂದಾದ ಕವಚವಿದೆ. ಕವಚದ ರಚನೆಗೆ ಅನುಗುಣವಾಗಿ ನೂರಕ್ಕೂ ಹೆಚ್ಚು ಬಗೆಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಒಂದು ಬಗೆಯ ವಿರುದ್ಧ ಮೂಡಿದ ಪ್ರತಿಕಾಯಗಳು ಮತ್ತೊಂದರ ಮುಂದೆ ಬಹುಮಟ್ಟಿಗೆ ನಿಷ್ಪ್ರಯೋಜಕ. ಆದ್ದರಿಂದ ಹಲವು ಲಸಿಕೆಗಳನ್ನು ಒಂದೇ ಸೀಸೆಯಲ್ಲಿ ತುಂಬಬೇಕಾಗುತ್ತದೆ.

1983ರಲ್ಲಿ ಬಂದ 23 ಬಗೆಗಳ ಲಸಿಕೆ ವಯಸ್ಕರಿಗೆ ನೆರವಾಯಿತು. ಆದರೆ ಎರಡು ವರ್ಷದೊಳಗಿನ ಶಿಶುಗಳ ದೇಹ ಕೇವಲ ಸಕ್ಕರೆಯ ಅಣುವಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಅಪಾಯ ಹೆಚ್ಚಿರುವುದು ಅವರಿಗೇ. ಕವಚದ ಅಂಶವನ್ನು ಪ್ರೋಟೀನ್ ಒಂದಕ್ಕೆ ಬೆಸೆದಾಗ ಶಿಶುಗಳಲ್ಲೂ ರೋಗನಿರೋಧಕ ಶಕ್ತಿ ಮೂಡಿತು. ಇಂತಹ 7 ಬಗೆಗಳ ಸಂಯೋಜಿತ ಲಸಿಕೆಗೆ ಅಮೆರಿಕ 2000ದಲ್ಲಿ ಒಪ್ಪಿಗೆ ನೀಡಿತು.

ತೆರವಾದ ಜಾಗಕ್ಕೆ ಹೊಸಬರು

ನ್ಯುಮೋಕಾಕಸ್ ಆರೋಗ್ಯವಂತ ಮಕ್ಕಳ ಮೂಗು, ಗಂಟಲಿನಲ್ಲೂ ನೆಲೆಸಿರುತ್ತದೆ. ಲಸಿಕೆಯಿಂದ 7 ಬಗೆಗಳು ಹಿಂದೆ ಸರಿಯುತ್ತಿದ್ದಂತೆ, ಅದರಲ್ಲಿ ಸೇರಿರದ 19ಎ ಎಂಬ ಬಗೆ ಅಮೆರಿಕದಲ್ಲಿ ತಲೆಯೆತ್ತಿತು. 2010ರಲ್ಲಿ 13 ಬಗೆಗಳ, 2021ರಲ್ಲಿ 15 ಮತ್ತು 20 ಬಗೆಗಳ ಲಸಿಕೆಗಳು ಬಂದವು. 3ನೇ ಬಗೆಯಂತೂ ದಪ್ಪ ಕವಚವನ್ನು ಕಳಚಿ ಚೆಲ್ಲುತ್ತಾ, ಲಸಿಕೆಯಲ್ಲಿದ್ದರೂ ಸುಲಭವಾಗಿ ಹಿಡಿತಕ್ಕೆ ಸಿಗುತ್ತಿಲ್ಲ. ಎಲ್ಲ ಬಗೆಗಳಲ್ಲೂ ಸಮಾನವಾಗಿರುವ ಪ್ರೋಟೀನ್ ಆಧರಿಸಿದ ಲಸಿಕೆಗಳು ಪ್ರಯೋಗದ ಹಂತ ದಾಟಿಲ್ಲ.

ಬೆಲೆಯ ಪ್ರಶ್ನೆ

ಪ್ರತಿ ಬಗೆಯನ್ನೂ ಪ್ರತ್ಯೇಕವಾಗಿ ಬೆಳೆಸಿ, ಶುದ್ಧೀಕರಿಸಿ, ಪ್ರೋಟೀನ್‌ಗೆ ಬೆಸೆದು ಪರೀಕ್ಷಿಸಬೇಕು. ದುಬಾರಿ ಬೆಲೆಗೆ ಇದೇ ಮುಖ್ಯ ಕಾರಣ. ಬಡ ದೇಶಗಳಲ್ಲಿ ಹೆಚ್ಚಾಗಿ ಕಾಡುವ ಬಗೆಗಳನ್ನು ಆಯ್ದುಕೊಂಡು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ 10 ಬಗೆಗಳ ಅಗ್ಗದ ಲಸಿಕೆಗೆ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆಯಿತು.

ಭಾರತದಲ್ಲಿ ಸಂಯೋಜಿತ ಲಸಿಕೆ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ್ದು 2017ರಲ್ಲಿ, ಕೆಲವೇ ರಾಜ್ಯಗಳಲ್ಲಿ. 2021ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು. ಕರ್ನಾಟಕವೂ ಸೇರಿದಂತೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಶಿಶುಗಳಿಗೆ 6 ವಾರ, 14 ವಾರ ಹಾಗೂ 9 ತಿಂಗಳಲ್ಲಿ ಇದನ್ನು ಉಚಿತವಾಗಿ ಹಾಕಲಾಗುತ್ತದೆ. ಮೂರು ಚುಚ್ಚುಮದ್ದುಗಳೂ ಪೂರ್ಣಗೊಂಡರಷ್ಟೇ ರಕ್ಷಣೆ ಗಟ್ಟಿ. ಯಾವ ಬಗೆ ಹೊಸದಾಗಿ ಹರಡುತ್ತಿದೆ ಎಂಬ ನಿಗಾ ಮಾತ್ರ ಲಸಿಕೆ ಬಂದ ನಂತರವೂ ನಿಲ್ಲುವಂತಿಲ್ಲ.